ಅರಳಿಯ ಕಡೆಯವರು

ನಮ್ಮ ಮೇಷ್ಟ್ರ ತಿಥಿಯ ದಿನ ನಂಜನಗೂಡಿನಲ್ಲಿ ಅವರ ಅಕ್ಕನ ಮನೆ ಬಾಗಿಲಿಗೆ ಒಬ್ಬ ವಯಸ್ಸಾದ ಹೆಂಗಸು ಬಂದು ನಿಂತರು. ಕೈಯಲ್ಲಿ ಬಾಳೆಲೆ ಸುತ್ತಿ ನಾರಿನಿಂದ ಕಟ್ಟಿದ ಒಂದು ಪೊಟ್ಟಣ. ಮೇಷ್ಟ್ರ ಅಕ್ಕನ ಮಗ ಎದ್ದು ಹೋಗಿ, "ಯಾರಮ್ಮ, ಯಾವ ಕಡೆಯೋರು?" ಅಂತ ಕೇಳಿದ. ಆಕೆ ಒಂದಿಷ್ಟೂ ಅಳುಕಲಿಲ್ಲ. "ನಾನಾ? ಬೀಗಿತ್ತಿ ಕಣಪ್ಪ," ಅಂದರು.

ಹಜಾರದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನೋಡದೆ ಏನು ಮಾಡಿಯಾರು? ಮಕ್ಕಳ ಮದುವೆ ಮಾಡಿದವರಿಗೆ ತಾನೆ ಬೀಗರು ಅಂತ ಇರುವುದು? ನಮ್ಮ ಮೇಷ್ಟ್ರು ತಾವೇ ಮದುವೆಯಾಗಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ನನಗೆ ಮಾತ್ರ, ಸಾವಿನ ಮನೆ ಅನ್ನುವುದೂ ಮರೆತುಹೋಗಿ, ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ಆ ಬೀಗತನದ ಕತೆ ಪೂರ್ತಿ ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ.

ಮೇಷ್ಟ್ರ ಹೆಸರು ಇಲ್ಲಿ ಬೇಡ. ನಾಲ್ಕು ಜನರ ಮುಂದೆ ಹೊಗಳುತ್ತಾರೆ ಅಂದರೆ ಮಾರು ದೂರ ಓಡುತ್ತಿದ್ದ ಮನುಷ್ಯ. ನಾವಿಬ್ಬರೂ ತಿರುಮಕೂಡಲು ನರಸೀಪುರದ ಒಂದು ಹೈಸ್ಕೂಲಿನಲ್ಲಿದ್ದೆವು. ಅವರು ವಿಜ್ಞಾನ, ನಾನು ಲೆಕ್ಕ. ಇಬ್ಬರ ಮನೆಯೂ ನಂಜನಗೂಡು. ತೊಂಬತ್ತರ ದಶಕ ಶುರುವಾದಾಗಿನಿಂದ ಅವರು ರಿಟೈರ್ ಆಗುವ ತನಕ ದಿನಾ ಒಂದೇ ಬಸ್ಸು, ಅಕ್ಕಪಕ್ಕದ ಸೀಟು. ಕಿಟಕಿ ಯಾವತ್ತೂ ಅವರದೇ. ಒಂದು ಸಲ ನಾನು ಹಟ ಮಾಡಿ ಕಿಟಕಿ ಪಕ್ಕ ಕೂತಿದ್ದಕ್ಕೆ ನನ್ನ ತೊಡೆಯ ಮೇಲೆ ಬಗ್ಗಿಕೊಂಡೇ ನರಸೀಪುರದವರೆಗೂ ಬಂದರು. ರಸ್ತೆ ಬದಿಯ ಮರಗಳಿಗೆ ಹಾಜರಿ ಹಾಕದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

ನನಗೋ, ಆ ಕಾಲದಲ್ಲಿ ಮರ ಅಂದರೆ ಎರಡೇ ಜಾತಿ. ನೆರಳು ಕೊಡುವುದು, ಕೊಡದೇ ಇರುವುದು. ಅವರ ಜೊತೆ ಸೇರಿ ಕೆಟ್ಟೆ. ಅವರು ಮರದ ಹತ್ತಿರ ಹೋದರೆ ಮೊದಲು ಎತ್ತಿನ ಕತ್ತು ಸವರಿದ ಹಾಗೆ ತೊಗಟೆ ಸವರುತ್ತಿದ್ದರು. ಆಮೇಲೆ ಕೆಳಗೆ ಬಿದ್ದ ಒಂದು ಎಲೆ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಕಿವುಚಿ, ಮೂಸಿ ನನ್ನ ಮೂಗಿಗೂ ಹಿಡಿಯುತ್ತಿದ್ದರು. ಕಿತ್ತ ತಕ್ಷಣ ಹಾಲು ಬಂದು, ಎಲೆಯೆಲ್ಲ ಕೊಂಬೆಯ ತುದಿಯಲ್ಲೇ ಗುಂಪುಗಟ್ಟಿದ್ದರೆ ಹಿಪ್ಪೆ. ಮೂರೇ ಎಲೆ ಇದ್ದರೆ ಬಿಲ್ವ. ಐದೋ ಏಳೋ ಇದ್ದು, ಮೂಸಿದಾಗ ಘಮ್ಮೆಂದರೆ ಬೇಲ. ಇಷ್ಟೆಲ್ಲ ಹೇಳಿಕೊಟ್ಟ ಮೇಲೂ, "ಎಲೆ ಒಂದನ್ನೇ ನಂಬಿಕೊಂಡು ಹೆಸರು ಹೇಳಬೇಡಿ. ಹಣ್ಣು ಬರೋ ತನಕ ಕಾಯಿರಿ. ಏನು ಅವಸರ, ಮರ ಎಲ್ಲಿಗೆ ಓಡಿಹೋಗುತ್ತೆ?" ಅನ್ನುತ್ತಿದ್ದರು.

ಅವರಿಗೆ ಒಂದು ಕಾಯಿಲೆ ಇತ್ತು. ಮರದ ಹೆಸರು ಯಾರಾದರೂ ತಪ್ಪು ಹೇಳಿದರೆ ಸುಮ್ಮನಿರುವುದು ಅವರ ಕೈಲಿ ಆಗುತ್ತಿರಲಿಲ್ಲ. ಹೆಡತಲೆ ಕಡೆ ಒಬ್ಬ ಶಿಷ್ಯನ ಮದುವೆಗೆ ಹೋಗುವಾಗ ಕಂಡಕ್ಟರು ಒಂದು ಸ್ಟಾಪಿನಲ್ಲಿ "ಆಲದ್ಮರ, ಆಲದ್ಮರ, ಬೇಗ್ ಇಳ್ಕಳಿ" ಅಂತ ಕೂಗಿದ. ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ, "ಏನಪ್ಪಾ, ಆಲ ಅಂತೀಯ, ಬಿಳಲೆಲ್ಲಿ ತೋರಿಸು? ಇದು ಗೋಣಿಮರ" ಅಂದರು. ಕಂಡಕ್ಟರು ಒಳ್ಳೆ ಚುರುಕು ಮನುಷ್ಯ. "ಬಿಳಲು ಇಳ್ಯೋಗಂಟ ಬಸ್ ನಿಲ್ಸಕಾಯ್ತದಾ ಸಾ? ಇಳ್ಯೋರ ಇಳ್ಯಕ್ ಬುಡಿ," ಅಂತ ಸೀಟಿ ಊದಿದ. ಇಡೀ ಬಸ್ಸು ನಕ್ಕಿತು. ಮೇಷ್ಟ್ರೂ ನಕ್ಕರು. ಆದರೆ ಬರುವಾಗ ಅದೇ ಜಾಗದಲ್ಲಿ ನಿಂತು, "ಗೋಣಿಮರದಿಂದ ನಂಜನಗೂಡಿಗೆ ಎರಡು" ಅಂತಲೇ ಟಿಕೆಟ್ ಕೇಳಿದರು.

ಮದುವೆ ತಪ್ಪಿದ್ದೂ ಇದೇ ಕಾಯಿಲೆಯಿಂದ. ಅದನ್ನು ಅವರ ಅಕ್ಕ ನನಗೆ ತಲೆ ಚಚ್ಚಿಕೊಂಡು ಹೇಳಿದ್ದು. ಹೆಣ್ಣು ನೋಡಲು ಮೈಸೂರಿಗೆ ಹೋಗಿದ್ದರಂತೆ. ಹೆಣ್ಣಿನ ತಂದೆ ಗೇಟಿನ ಪಕ್ಕ ನೆಟ್ಟಗೆ ನಿಂತಿದ್ದ ಎರಡು ಮರ ತೋರಿಸಿ, "ಅಶೋಕ ವೃಕ್ಷ. ಸೀತಾಮಾತೆ ಕೂತಿದ್ದ ಮರ. ನಾನೇ ನೆಟ್ಟಿದ್ದು," ಅಂದರಂತೆ. ನಮ್ಮ ಮೇಷ್ಟ್ರು, "ಇದು ಅಶೋಕ ಅಲ್ಲ ಸ್ವಾಮಿ, ಕಂಬದ ಮರ. ಇದರ ಕೆಳಗೆ ಸೀತಮ್ಮನವರು ಕೂತಿದ್ದರೆ ರಾವಣ ಬರೋದಕ್ಕೆ ಮುಂಚೆಯೇ ಬಿಸಿಲಿಗೆ ತಲೆ ಸುತ್ತಿ ಬಿದ್ದಿರೋರು" ಅಂದುಬಿಟ್ಟರು. ಒಳಗೆ ಹುಡುಗಿ ಕಿಸಕ್ಕನೆ ನಕ್ಕಳಂತೆ. ಅಪ್ಪ ನಗಲಿಲ್ಲ. ಕಾಫಿ ಬಂತು, ಉಪ್ಪಿಟ್ಟು ಬರಲಿಲ್ಲ. "ಆ ಹುಡುಗಿ ನಕ್ಕಿದ್ದಳಲ್ಲ ಕಣ್ರೀ, ಅಷ್ಟಾದ್ರೂ ನೋಡಿ ಇವನು ಬಾಯಿ ಮುಚ್ಕೊಂಡಿದ್ರೆ!" ಅಂತ ಅಕ್ಕ ಇವತ್ತಿಗೂ ಕೊರಗುತ್ತಾರೆ. ಮೇಷ್ಟ್ರನ್ನು ಕೇಳಿದರೆ, "ನಮ್ಮಪ್ಪ ಗಾಂಧಿಯವರ ಮಾತು ಕೇಳಿ ತಗಡೂರಿನಲ್ಲಿ ಚರಕ ಹಿಡಿದೋರು. ಸುಳ್ಳು ಹೇಳಿದರೆ ಅವತ್ತು ಊಟ ಹಾಕ್ತಿರಲಿಲ್ಲ. ಅಭ್ಯಾಸ ಆಗಿಹೋಗಿದೆ, ಏನು ಮಾಡ್ಲಿ?" ಅನ್ನುತ್ತಿದ್ದರು.

ಅವರ ಕ್ಲಾಸಿನ ಹಾಜರಿಯ ಚೆಂದವೇ ಬೇರೆ. ಹೆಸರು ಕೂಗಿದರೆ ಮಕ್ಕಳು "ಪ್ರೆಸೆಂಟ್ ಸಾ" ಅನ್ನುವಂತಿರಲಿಲ್ಲ. ವರ್ಷದ ಮೊದಲಲ್ಲೇ ಒಬ್ಬೊಬ್ಬರೂ ತಮ್ಮ ಮನೆ ಹತ್ತಿರದ ಒಂದು ಮರ ಆರಿಸಿಕೊಳ್ಳಬೇಕು. ಹಾಜರಿ ಅಂದರೆ ಆ ಮರದ ಸಮಾಚಾರ. "ನೇರಳೆ, ಹೂ ಬುಟ್ಟದೆ ಸಾ." "ಹುಣ್ಸೆ, ಚಿಗುರು ಬಂದದೆ ಸಾ." "ಹಿಪ್ಪೆ, ಹಣ್ಣನ್ನೆಲ್ಲ ಬಾವ್ಲಿ ತಿಂದಾಕದೆ ಸಾ." ಪಕ್ಕದ ಕ್ಲಾಸಿನಲ್ಲಿ ಲೆಕ್ಕ ಮಾಡಿಸುತ್ತಾ ನಾನು ಇದನ್ನು ಕೇಳಿಸಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಒಬ್ಬಳು ಹುಡುಗಿಯ ಹೆಸರು ಕೂಗಿದರು. ಅವಳು, "ನನ್ದು ಕಡುದ್ಬುಟ್ರು ಸಾ," ಅಂತ ಬಿಕ್ಕಿದಳು. ಮೇಷ್ಟ್ರು, "ಗೇಟ್ ಹತ್ರದ ಹೊಂಗೆ ನಂದು. ಇವತ್ತಿಂದ ನೀನೇ ಇಟ್ಕೊಳವ್ವ," ಅಂದರು. ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಆ ಹೊಂಗೆಯ ಸಮಾಚಾರ ಒಂದು ದಿನವೂ ತಪ್ಪಲಿಲ್ಲ.

ಪ್ರತಿ ವರ್ಷ ಮಕ್ಕಳನ್ನು ಮುಡುಕುತೊರೆ ಬೆಟ್ಟಕ್ಕೆ ಹತ್ತಿಸುತ್ತಿದ್ದರು. ದೇವರಿಗೆ ಕೈ ಮುಗಿದು ಇಳಿಯುವಾಗ ಪಾಠ. ಒಂದು ಬಂಡೆಯ ಸಂದಿಯಲ್ಲಿ ಬೆಳೆದಿದ್ದ ಗಿಡ ತೋರಿಸಿ ಇದೇನು ಅಂತ ಕೇಳಿದರು. ಎಲ್ಲರೂ ಒಟ್ಟಿಗೆ, "ಅರಳಿ ಸಾ!" ನಾನೂ ಹಾಗೇ ಅಂದುಕೊಂಡಿದ್ದೆ. ಎಲೆ ಅದೇ ಹೃದಯದ ಆಕಾರ. ಮೇಷ್ಟ್ರಿಗೆ ಖುಷಿಯೋ ಖುಷಿ. "ಬಿದ್ರಾ ಹಳ್ಳಕ್ಕೆ? ಅರಳಿ ಎಲೆಗೆ ಉದ್ದ ಬಾಲ ಇರುತ್ತೆ. ಇದಕ್ಕೆಲ್ಲಿದೆ? ತುದಿ ಮೋಟು. ತೊಟ್ಟು ನೋಡಿ, ನರ ನೋಡಿ, ಕೆಂಪು ಬಳಿದ ಹಾಗಿದೆ. ಇದು ಕಲ್ಲರಳಿ. ಬಂಡೆ ಮೇಲೆ ಹುಟ್ಟಿ ಬಂಡೆ ಮೇಲೇ ಬದುಕೋ ಮರ. ಅರಳಿಯ ದಾಯಾದಿ ಅನ್ನಿ ಬೇಕಾದ್ರೆ. ಅರಳಿ ಅನ್ನಬೇಡಿ." ಅವತ್ತಿನ ಪಾಠ ನನಗೂ ತಲೆಗೆ ಹತ್ತಿತು. ಹತ್ತದಿದ್ದರೆ ಮುಂದೆ ಅಷ್ಟು ಸಂಕಟಪಡುವುದು ತಪ್ಪುತ್ತಿತ್ತು.

ನಮ್ಮ ಬಸ್ಸಿನ ದಾರಿಯ ನಡುವೆ ಒಂದು ಊರು. ಅದರ ಹೆಸರೂ ಬೇಡ. ಅಲ್ಲಿಯ ಯಜಮಾನರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ನನ್ನನ್ನು ಕಂಡರೆ ಇವತ್ತಿಗೂ ಮುಖ ಗಂಟಿಕ್ಕುತ್ತಾರೆ. ಊರ ಬಾಗಿಲಲ್ಲಿ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಎರಡು ಎಳೆಯ ಮರ, ಅದೇ ಬಸ್ ಸ್ಟಾಪು. ಕಟ್ಟೆ ಕಟ್ಟಿದ್ದು ಚಿಕ್ಕತಾಯಮ್ಮ ಅನ್ನುವ ಹೆಂಗಸಿನ ಗಂಡ. ಮಕ್ಕಳಿಲ್ಲದವರು ಅರಳಿ, ಬೇವು ಜೊತೆಯಲ್ಲಿ ನೆಟ್ಟು, ಬೆಳೆಸಿ, ಅವೆರಡಕ್ಕೂ ಮದುವೆ ಮಾಡುವುದು ನಮ್ಮ ಕಡೆಯ ಪದ್ಧತಿ. ಬೇವು ಹೆಣ್ಣು, ಅರಳಿ ಗಂಡು. ಗಿಡ ನೆಟ್ಟು ಕೆಲವು ವರ್ಷಕ್ಕೆ ಗಂಡ ತೀರಿಕೊಂಡ. ಚಿಕ್ಕತಾಯಮ್ಮ ಎಮ್ಮೆ ಸಾಕಿ, ಡೈರಿಗೆ ಹಾಲು ಹಾಕಿ ಜೀವನ ಮಾಡುತ್ತಾ, ಹೊತ್ತಾರೆ ಕ್ಯಾನು ಇಳಿಸಿದ ಕೂಡಲೇ ಎರಡು ಬಿಂದಿಗೆ ನೀರು ತಂದು ಆ ಮರಗಳ ಬುಡಕ್ಕೆ ಹಾಕುತ್ತಿದ್ದರು. "ಮದ್ವೆ ಒಂದ್ ಮಾಡ್ಬುಟ್ರೆ ಅವರ ಜೀವ ತಣ್ಗಾಯ್ತದೆ ಸಾ," ಅಂತ ಬಸ್ಸು ಅಲ್ಲಿ ನಿಂತಾಗ ಕಿಟಕಿಯ ಹತ್ತಿರ ಬಂದು ನಮಗೆ ಎಷ್ಟೋ ಸಲ ಹೇಳಿದ್ದರು.

ಕೊನೆಗೂ ಮದುವೆ ಗೊತ್ತಾಯಿತು. ಆಕೆಯೇ ಬಸ್ಸಿನ ಹತ್ತಿರ ಬಂದು ಕೈ ಮುಗಿದು ನಮ್ಮನ್ನು ಕರೆದರು. ಬಸ್ಸಿನ ಕಿಟಕಿಯಿಂದ ಆ ಮರಗಳನ್ನು ನೋಡಿದ್ದೆವೇ ಹೊರತು ಕಟ್ಟೆ ಹತ್ತಿ ನೋಡಿದವರಲ್ಲ. ಅವತ್ತು ಹತ್ತಿದೆವು. ಬೇವಿಗೆ ಹಸಿರು ಸೀರೆ, ಅರಳಿಗೆ ಪಂಚೆ, ಎರಡಕ್ಕೂ ಬಾಸಿಂಗ. ಮೇಷ್ಟ್ರು ಅಭ್ಯಾಸದಂತೆ ಮೊದಲು ತೊಗಟೆ ಸವರಿದರು. ಆಮೇಲೆ ಒಂದು ಎಲೆ ತಿರುಗಿಸಿದರು. ಅಲ್ಲೇ ನಿಂತುಬಿಟ್ಟರು. ನಾನೂ ನೋಡಿದೆ. ತುದಿ ಮೋಟು. ತೊಟ್ಟು ಕೆಂಪು.

"ಈ ಗಿಡ ಎಲ್ಲಿಂದ ತಂದಿರಿ ತಾಯಿ?" ಅಂತ ಅವರು ಮೆಲ್ಲಗೆ ಕೇಳಿದ್ದಕ್ಕೆ ಚಿಕ್ಕತಾಯಮ್ಮ, "ನಾವಿಬ್ರೂ ಮುಡುಕುತೊರೆ ಬೆಟ್ಟಕ್ಕೋಗಿದ್ದಾಗ ಬಂಡೆ ಸಂದೀಲಿ ಇತ್ತು ಸಾ. ದೇವ್ರೇ ಕೊಟ್ಟಂಗಾಯ್ತು ಅಂತ ಅವರು ನನ್ ಸೆರಗಲ್ಲಿ ಮಡುಗುಸ್ಕಂಡು ತಂದ್ರು," ಅಂದರು.

ಅಯ್ಯೋ ದೇವರೇ ಅನ್ನಿಸಿತು ನನಗೆ. ಒಬ್ಬ ಕಂಡಕ್ಟರನ್ನು ಬಿಡದವರು, ಹೆಣ್ಣು ಕೊಡಲಿದ್ದ ಮಾವನನ್ನು ಬಿಡದವರು, ಇಲ್ಲಿ ಬಿಟ್ಟಾರೆಯೇ? ಊರಿಗೆ ಊರೇ ಸೇರಿತ್ತು. ಗಂಡನಿಲ್ಲದವಳು ಅಂತ ಚಿಕ್ಕತಾಯಮ್ಮ ಹಸೆಮಣೆಯ ಹತ್ತಿರವೂ ಬರದೆ, ದೂರದಲ್ಲಿ ಬೋರ್‌ವೆಲ್ ಪಕ್ಕ ಸೆರಗು ಹೊದ್ದು ನಿಂತರು. ಆಕೆಯ ಮೈದುನ, ಅವನ ಹೆಂಡತಿ ಕೂತು ಧಾರೆ ಎರೆದರು. ನಾನು ಮೇಷ್ಟ್ರ ಮೊಣಕೈ ಚಿವುಟಿ, "ನಿಮ್ಮ ದಮ್ಮಯ್ಯ ಅಂತೀನಿ, ಬಾಯಿ ಬಿಡಬೇಡಿ," ಅಂದೆ. ಪೂಜಾರಿ ಅರಿಶಿನದ ಕೊಂಬಿನ ತಾಳಿಯನ್ನು ಗಂಡಿನ ಕೊಂಬೆಗೆ ಮುಟ್ಟಿಸಿ ಬೇವಿಗೆ ಕಟ್ಟಿದ.

ಊಟದ ಹೊತ್ತಿಗೆ ಚಿಕ್ಕತಾಯಮ್ಮ ಪಾಯಸದ ಪಾತ್ರೆ ಹಿಡಿದು ನಮ್ಮ ಎಲೆಯ ಮುಂದೆಯೇ ಬಂದರು. "ಯಾಂಗದೆ ಸಾ ನಮ್ಮರಳಿ? ಮರದ ಇಚಾರ ನಿಮಗ್ ಗೊತ್ತಿರಂಗೆ ಇನ್ಯಾರ್ಗೂ ಗೊತ್ತಿಲ್ಲ. ನೀವೊಂದ್ ಮಾತೇಳಿ."

ಮೇಷ್ಟ್ರು ತಲೆ ಎತ್ತಿ ಆಕೆಯ ಮುಖ ನೋಡಿದರು. "ಮಗೂನ ಸಾಕಿದ ಹಾಗೆ ಸಾಕಿದ್ದೀರಿ ತಾಯಿ. ಬಂಡೆ ಮೇಲಿನ ಗಿಡ ಮಣ್ಣಲ್ಲಿ ಇಷ್ಟು ಸೊಗಸಾಗಿ ಬಂದಿರೋದನ್ನ ನಾನು ಇನ್ನೆಲ್ಲೂ ಕಂಡಿಲ್ಲ," ಅಂದರು. ಆಕೆಯ ಮುಖ ಅರಳಿತು. ಇನ್ನೊಂದು ಸೌಟು ಪಾಯಸ ಬಿತ್ತು.

ಬಸ್ಸಿನಲ್ಲಿ ಅವತ್ತು ಅವರು ಕಿಟಕಿಯ ಕಡೆ ನೋಡಲೇ ಇಲ್ಲ. ನಂಜನಗೂಡು ಹತ್ತಿರ ಬಂದಾಗ, "ನಾನು ಸುಳ್ಳು ಹೇಳಿದೆನಾ?" ಅಂದರು. "ಒಂದಕ್ಷರವೂ ಇಲ್ಲ," ಅಂದೆ. "ಮತ್ತೆ, ನಿಜ ಹೇಳಿದೆನಾ?" ಅಂದರು.

ಆಮೇಲೆ ಕೆಲವು ದಿನಕ್ಕೆ ಸ್ಟಾಫ್ ರೂಮಿನ ಕಿಟಕಿಯಲ್ಲಿ ಒಂದು ಹಳೆಯ ಡಾಲ್ಡಾ ಡಬ್ಬ ಬಂದು ಕೂತಿತು. ಅದರಲ್ಲಿ ಒಂದು ಸಣ್ಣ ಗಿಡ. ನಮ್ಮ ಸ್ಕೂಲಿನ ನೀರಿನ ತೊಟ್ಟಿಯ ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ್ದ ಅರಳಿ. ಜವಾನ ಕಿತ್ತು ಬಿಸಾಡಲು ಹೋದಾಗ ಮೇಷ್ಟ್ರು ತಂದು ನೆಟ್ಟಿದ್ದರು. ಒಂದು ಶನಿವಾರ ಡಬ್ಬ ಕಾಣೆಯಾಯಿತು. ಆಗಿನಿಂದ ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬರುವಾಗ, ಮೇಷ್ಟ್ರು ಆ ಊರಿನ ಕಟ್ಟೆಯ ಹತ್ತಿರ ಇಳಿದುಕೊಳ್ಳತೊಡಗಿದರು. ಯಾಕೆ ಅಂದರೆ, "ಕಾಲು ಹಿಡಿದುಕೊಂಡಿದೆ, ಸ್ವಲ್ಪ ಓಡಾಡ್ಕೊಂಡು ಮುಂದಿನ ಬಸ್ಸಿಗೆ ಬರ್ತೀನಿ," ಅನ್ನುತ್ತಿದ್ದರು. ಕಾಲು ಹಿಡಿದುಕೊಂಡವನು ತುಂಬಿದ ನೀರಿನ ಕ್ಯಾನು ಹೊತ್ತು ಇಳಿಯುತ್ತಾನೆಯೇ? ಸ್ಟಾಫ್ ರೂಮಿನಲ್ಲಿ ಗುಸುಗುಸು ಶುರುವಾಯಿತು. ಡ್ರಾಯಿಂಗ್ ಮೇಷ್ಟ್ರಂತೂ, "ಬ್ರಹ್ಮಚಾರಿಗೆ ಅಲ್ಲಿ ಯಾರೋ ಸಿಕ್ಕವ್ರೆ ಕಣ್ರೀ," ಅಂತ ಕಣ್ಣು ಮಿಟುಕಿಸಿದರು. ನನಗೆ ವಿಷಯ ಗೊತ್ತಾಗಿತ್ತು. ನಾನು ಬಾಯಿ ಬಿಡಲಿಲ್ಲ. ಮೇಷ್ಟ್ರೂ ಬಿಡಲಿಲ್ಲ. ಕಟ್ಟೆಯ ಆ ಬದಿಯಲ್ಲಿ, ಬೇವಿನ ಇನ್ನೊಂದು ಮಗ್ಗುಲಿಗೆ, ಬಾಲವುಳ್ಳ ಎಲೆಯ ಒಂದು ಗಿಡ ಸದ್ದಿಲ್ಲದೆ ಎದ್ದು ನಿಂತಿತು. ದೊಡ್ಡರಳಿಯ ಮರಿ ಅಂತ ಊರವರು ಅಂದುಕೊಂಡರು.

ಮೇಷ್ಟ್ರು ರಿಟೈರ್ ಆದರು. ಆ ಊರಿನ ಗದ್ದೆಗಳಿಗೆ ನಾಲೆ ನೀರು ಬಂತು, ಕಟ್ಟೆಯ ಸುತ್ತ ವರ್ಷವೆಲ್ಲ ಜೌಗು. ಒಂದು ಯುಗಾದಿಗೆ ಕಲ್ಲರಳಿ ಚಿಗುರಲಿಲ್ಲ. ಅದರ ಮುಂದಿನ ಮಳೆಗಾಲದಲ್ಲಿ ಪೂರ್ತಿ ಒಣಗಿತು. ಬಂಡೆಯ ಮೇಲಿನ ಮರ, ಬೇರು ಕೊಳೆತಿರಬೇಕು. ಒಂದು ಬೆಳಿಗ್ಗೆ ನಾನೊಬ್ಬನೇ ಬಸ್ಸಿನಲ್ಲಿ ಹೋಗುತ್ತಿದ್ದಾಗ ಚಿಕ್ಕತಾಯಮ್ಮ ಕಿಟಕಿಯ ಹತ್ತಿರ ಓಡಿ ಬಂದರು.

"ಸಾ, ಭಾನ್ವಾರ ಬೇವ ಕಡೀತಾರಂತೆ ಸಾ."

"ಒಣಗಿರೋದು ಇನ್ನೊಂದು ಮರ ಅಲ್ವೇನಮ್ಮ? ಬೇವು ಹಸಿರಾಗೇ ಇದೆಯಲ್ಲ?"

"ಮುಂಡೆ ಮರ ಅಂತಾರೆ ಸಾ. ಗಂಡ ಸತ್ತಿರೋ ಮರ ಊರ ಬಾಗ್ಲಲ್ಲಿ ಇರಕೂಡ್ದಂತೆ. ಒಳ್ಳೆ ಕೆಲಸಕ್ ಓಗೋರ್ಗೆ ಎದುರಾಯ್ತದಂತೆ." ಬಸ್ಸು ಹೊರಟಿತು. ಆಕೆ ಜೊತೆಯಲ್ಲೇ ನಾಲ್ಕು ಹೆಜ್ಜೆ ಬಂದರು. "ನಾನೂ ಬದ್ಕಿವ್ನಲ್ಲ ಸಾ. ನನ್ನೂವೆ ಕಡೀತಾರಾ?"

ಅವತ್ತು ಸಂಜೆ ನೇರ ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ಆ ಹೊತ್ತಿಗೆ ಅವರಿಗೆ ಉಬ್ಬಸ ಜಾಸ್ತಿಯಾಗಿತ್ತು, ಅಕ್ಕ ಹೊರಗೆ ಬಿಡುತ್ತಿರಲಿಲ್ಲ. ಆಕೆ ಕೊನೆಯಲ್ಲಿ ಕೇಳಿದ ಮಾತನ್ನೂ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಲೇ ಕೂತರು. "ಭಾನುವಾರ ಮೊದಲನೇ ಬಸ್ಸಿಗೆ ಹೋಗೋಣ," ಅಂದರು. ಅಕ್ಕ ಬೈದರು, ಅತ್ತರು. ಅವರು ಕೇಳಲಿಲ್ಲ.

ಭಾನುವಾರ ನಾವು ಹೋಗುವಷ್ಟರಲ್ಲಿ ಕಟ್ಟೆಯ ಸುತ್ತ ಜನ ಸೇರಿದ್ದರು. ಕೊಡಲಿ, ಹಗ್ಗ ತಂದಿಟ್ಟಿದ್ದರು. ಯಜಮಾನರು ಎದ್ದು, "ಬನ್ನಿ ಸಾ, ಕೂತ್ಕಳಿ. ಆದ್ರೆ ಇದು ಮರದ ಇಚಾರ ಅಲ್ಲ, ಸಾಸ್ತ್ರದ ಇಚಾರ," ಅಂದರು.

"ನಾನೂ ಶಾಸ್ತ್ರದ್ದೇ ಕೇಳೋಕೆ ಬಂದೆ," ಅಂದರು ಮೇಷ್ಟ್ರು, ಏದುಸಿರು ಬಿಡುತ್ತಾ. "ಬೇವಿಗೆ ಗಂಡು ಯಾವುದು?"

"ಅದೇನ್ ಸಾ ಇಂಗ್ ಕೇಳೀರಿ? ಅರಳಿ."

"ಬೇರೆ ಯಾವುದೋ ಮರದಿಂದ ತಾಳಿ ಕಟ್ಟಿಸಿದ್ರೆ?"

ಯಜಮಾನರು ಮೀಸೆ ಸವರಿದರು. "ಬ್ಯಾರೆ ಮರ ಕಟ್ಟುದ್ರೆ ಅದೆಂಗ್ ಮದ್ವೆ ಆದದು? ಆಗಲ್ಲ ಬುಡಿ."

"ಹಾಗಾದ್ರೆ ಈ ಬೇವಿಗೆ ಇನ್ನೂ ಮದುವೆಯೇ ಆಗಿಲ್ಲ ಯಜಮಾನ್ರೇ. ಮುಂಡೆ ಅಂತ ಯಾಕೆ ಅಂತೀರಿ? ಸತ್ತಿರೋದು ಅರಳಿ ಅಲ್ಲ. ಕಲ್ಲರಳಿ."

ಗದ್ದಲ ಎದ್ದಿತು. ಮೇಷ್ಟ್ರು ಬಗ್ಗಿ ಕಟ್ಟೆಯ ಸಂದಿಯಿಂದ ಒಂದು ಒಣಗಿದ ಎಲೆ ಎತ್ತಿದರು. ಆ ಬದಿಗೆ ಹೋಗಿ ಇನ್ನೊಂದು ಹಸಿರು ಎಲೆ ತಂದರು. ಎರಡನ್ನೂ ಯಜಮಾನರ ಅಂಗೈ ಮೇಲೆ ಇಟ್ಟು, ತುದಿ ತೋರಿಸಿದರು. ಹಿಂದಿನಿಂದ ಒಬ್ಬಳು, ಸೊಂಟದಲ್ಲಿ ಕೂಸು ಇದ್ದವಳು, "ಔದು ಕಣ್ ದೊಡ್ಡಪ್ಪ. ಮುಡುಕುತೊರೇಲಿ ಸಾ ನಮ್ಗೆ ತೋರ್ಸಿದ್ರು. ಬಾಲ ಇರಾದು ಅರಳಿ, ಮೋಟು ಕಲ್ಲರಳಿ," ಅಂದಳು. ಅದೇ ಹೊಂಗೆಯ ಹುಡುಗಿ. ಆ ಊರಿಗೆ ಸೊಸೆಯಾಗಿ ಬಂದಿದ್ದಳು.

ಯಜಮಾನರಿಗೆ ರೇಗಿತು. "ಯಾನ ಸಾ ಇದು? ಮದ್ವೆ ದಿನ ನೀವೂ ಇಲ್ಲೇ ಉಂಡ್ರಿ. ಅವತ್ತ್ಯಾಕೆ ಬಾಯ್ ಬುಡ್ನಿಲ್ಲ?"

"ಅವತ್ತು ಈ ತಾಯಿ ಮುಖ ನೋಡಿದೆ. ಬಾಯಿ ಬರಲಿಲ್ಲ," ಅಂದರು ಮೇಷ್ಟ್ರು. ಅಷ್ಟೇ.

ಚಿಕ್ಕತಾಯಮ್ಮ ಮುಂದೆ ಬಂದರು. ಮುಖ ಬಾಡಿತ್ತು. "ಅಂಗಾರೆ ಇಷ್ಟ್ ವರ್ಸ ನಾ ಸುತ್ತು ಬಂದುದ್ದು, ನೀರುಯ್ದುದ್ದು, ಎಲ್ಲಾ ಸುಳ್ಳಾ ಸಾ?"

"ಸುಳ್ಳು ಯಾಕಾಗುತ್ತೆ ತಾಯಿ? ಕಲ್ಲರಳಿ ಮರ ಅಲ್ವಾ? ನೀವು ಉಯ್ದ ನೀರು ಕುಡಿದು ಇಷ್ಟು ದಿನ ನೆರಳು ಕೊಡ್ತು. ತಪ್ಪು ಹೆಸರಿಟ್ಟಿದ್ದು ನಾವು. ಮರ ಯಾರಿಗೂ ಮೋಸ ಮಾಡಲಿಲ್ಲ." ಒಣಗಿದ ಕಾಂಡವನ್ನು ಅವರು ಎಂದಿನಂತೆ ಒಮ್ಮೆ ಸವರಿದರು. "ಅರಳಿ ಅಗೋ, ಅಲ್ಲಿದೆ. ಅದು ಇದರ ಮರಿ ಅಲ್ಲ. ನಾನು ತಂದಿಟ್ಟಿದ್ದು."

ಎಲ್ಲರ ಕಣ್ಣೂ ಆ ಬದಿಗೆ ಹೋಯಿತು. ಮನುಷ್ಯನಿಗಿಂತ ಎಷ್ಟೋ ಎತ್ತರಕ್ಕೆ ಬೆಳೆದ ಅರಳಿ, ಗಾಳಿ ಇಲ್ಲದಿದ್ದರೂ ಎಲೆ ಅಲ್ಲಾಡಿಸುತ್ತಾ ನಿಂತಿತ್ತು. ಚಿಕ್ಕತಾಯಮ್ಮ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. "ಓ, ಅದಾ! ನೀವು ಶನ್ವಾರ ಶನ್ವಾರ ಬಂದು ನೀರಾಕ್ತಿದ್ದುದ್ದ ನಾ ನೋಡ್ತಿರ್ನಿಲ್ವಾ ಸಾ? ಮಿಕ್ಕ್ ದಿನ ನಾನೇ ಆಕ್ತಿದ್ದೆ. ಪಾಪ, ಮದ್ವೆ ಆಗ್ಲಿ ಅಂತ ಮೇಷ್ಟ್ರು ಯಾನೋ ಅರಕೆ ಒತ್ತವ್ರೆ, ಕೇಳುದ್ರೆ ನಾಚ್ಕಂಡಾರು ಅಂತ ಸುಮ್ಕಿದ್ದೆ!"

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಯಜಮಾನರೂ ತಡೆದುಕೊಳ್ಳಲಾರದೆ ನಕ್ಕರು. ನಗುವಿನಲ್ಲೇ ಯಾರೋ ಕೊಡಲಿ ಎತ್ತಿ ಪಕ್ಕಕ್ಕಿಟ್ಟರು. "ಸರಿ, ಗಂಡು ಸಿಕ್ತು ಅನ್ನಿ. ಗಂಡಿನ ಕಡೇರ್ಯಾರು?" ಅಂದರು ಯಜಮಾನರು.

"ಇನ್ಯಾರು? ಸಾಕುದೋರು," ಅಂತ ಚಿಕ್ಕತಾಯಮ್ಮ ಮೇಷ್ಟ್ರ ಕಡೆ ಕೈ ಮಾಡಿದರು.

ಮೇಷ್ಟ್ರು ಒಪ್ಪಿದರು. ಒಂದೇ ಷರತ್ತು. "ಗಂಡಿನ ಕಡೆಗೆ ಸಾಕಿದೋನು ಕೂತ್ರೆ, ಹೆಣ್ಣಿನ ಕಡೆಗೂ ಸಾಕಿದೋರೇ ಕೂರಬೇಕು. ದೂರ ನಿಲ್ಲೋದಾದ್ರೆ ನನ್ನ ಮಗನ್ನ ಕೊಡೋಲ್ಲ." ನಗು ನಿಂತಿತು. ಗಂಡನಿಲ್ಲದವಳು ಹಸೆಮಣೆ ಏರುವುದು ಅಂದರೆ ಆ ಊರಿನಲ್ಲಿ ಸಣ್ಣ ಮಾತಲ್ಲ. ಯಜಮಾನರು ಬೇವಿನ ಕಡೆ ನೋಡಿದರು, ಆಕಾಶ ನೋಡಿದರು. ಕೊನೆಗೆ, "ಆಗ್ಲಿ ಬುಡಿ. ಬಿಸ್ಲೇರ್ತದೆ," ಅಂದು ಟವೆಲ್ಲು ಕೊಡವಿಕೊಂಡು ಹೊರಟರು.

ಆ ಮದುವೆಯನ್ನು ನಾನು ಮರೆಯುವುದಿಲ್ಲ. ಪೂಜಾರಿ ಗಂಡಿನ ಊರು ಕೇಳಿದ. ಮೇಷ್ಟ್ರು ಗಂಭೀರವಾಗಿ, "ನರಸೀಪುರ ಹೈಸ್ಕೂಲಿನ ನೀರಿನ ತೊಟ್ಟಿ" ಅಂದರು. ಚಿಕ್ಕತಾಯಮ್ಮ ಹೊಸ ಸೀರೆ ಉಟ್ಟು ಹಸೆಯ ಮೇಲೆ ಕೂತು ಧಾರೆ ಎರೆದರು. ಅರ್ಧ ನೀರು ಮೇಷ್ಟ್ರ ಪಂಚೆಯ ಮೇಲೆ ಬಿತ್ತು. ಅವತ್ತಿನಿಂದ ಅವರಿಬ್ಬರೂ ಬೀಗರು. ಹಬ್ಬಕ್ಕೆ ಆಕೆಯಿಂದ ನನ್ನ ಕೈಗೆ ಗಿಣ್ಣು ಬರುತ್ತಿತ್ತು, ಮೇಷ್ಟ್ರಿಂದ ಸೊಸೆ ಬೇವಿಗೆ ಅಂತ ಬಾಗಿನ ಹೋಗುತ್ತಿತ್ತು. "ಬೀಗಿತ್ತಿ ಏನಂದ್ರು? ಹುಡುಗ ಹೇಗಿದಾನಂತೆ?" ಅಂತ ಅವರು ಕೇಳುವಾಗ ಅವರ ಮುಖ ನೋಡಬೇಕಿತ್ತು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಮೊದಲು ಕಂಡಿರಲಿಲ್ಲ.

ಅವರು ಹೋದದ್ದು ಯುಗಾದಿ ಇನ್ನೇನು ಬಂತು ಅನ್ನುವಾಗ. ತಿಥಿಯ ದಿನ ಬೀಗಿತ್ತಿಯನ್ನು ಅಕ್ಕನ ಮಗ ಒಳಗೆ ಕರೆದು ಕೂರಲು ಹೇಳಿದ. ಆಕೆ ಕೂರದೆ ನೇರ ಫೋಟೋದ ಮುಂದೆ ಹೋಗಿ ಪೊಟ್ಟಣ ಬಿಚ್ಚಿದರು. ಒಳಗೆ ಅರಳಿಯ ಎಳೆ ಎಲೆಗಳು, ಇನ್ನೂ ಹಸಿರು ತಿರುಗದ ಕೆಂಚು ಚಿಗುರು. ಒಂದೊಂದನ್ನೇ ನೀವಿ ಸಾಲಾಗಿ ಇಟ್ಟರು.

"ಇದೇನಮ್ಮ?" ಅಂದ ಅಕ್ಕನ ಮಗ.

"ಮಗ ಬರ್ಬೇಕಾಗಿತ್ತು ಕಣಪ್ಪ," ಅಂದರು ಚಿಕ್ಕತಾಯಮ್ಮ. "ಅವ್ನು ನಡ್ಕಂಡ್ ಬರಾಕಾಗಕಿಲ್ವಲ್ಲ. ಅದ್ಕೆ ನಾನ್ ಬಂದೆ."

ನಾನು ಎದ್ದು ಹೋಗಿ ಒಂದು ಎಲೆ ಎತ್ತಿಕೊಂಡೆ. ಕೈ ತಾನಾಗಿ ಅದನ್ನು ಹಿಂದೆ ಮುಂದೆ ತಿರುಗಿಸಿತು. ತೊಟ್ಟು ನೋಡಿದೆ. ತುದಿ ನೋಡಿದೆ, ಉದ್ದ ಬಾಲ. ಎಲ್ಲರೂ ನೋಡುತ್ತಿದ್ದಾರೆ ಅನ್ನುವ ನಾಚಿಕೆಯೂ ಇಲ್ಲದೆ ಫೋಟೋದ ಮುಂದೆ ನಿಂತು ಹಾಜರಿ ಹೇಳಿದೆ. "ಅರಳಿ. ಚೆನ್ನಾಗಿ ಚಿಗುರಿದೆ ಸಾ."